ದೊಡ್ಡ ಪಿಸ್ಟನ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ? ಎಂಜಿನ್ ಬಿಚ್ಚಿಸುವ ಮುನ್ನ ಇದನ್ನೊಮ್ಮೆ ಓದಿ

ಮಳೆಗಾಲ ಮುಗಿದು ತೋಟದ ಕೆಲಸ ಶುರುವಾಗುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಎಂಜಿನ್ ರಿಪೇರಿಯ ಸಂದೇಶಗಳೂ ಶುರುವಾಗುತ್ತವೆ. ಹೊಗೆ ಬಂದರೆ ರಿಂಗ್ ಬದಲಿಸಿದರೆ ಸಾಕು, ಪಿಸ್ಟನ್ ಒಂದು ಸೈಜ್ ದೊಡ್ಡದು ಹಾಕಿದರೆ ಪಿಕಪ್ಪೂ ಹೆಚ್ಚು ಮೈಲೇಜೂ ಹೆಚ್ಚು, ಒಮ್ಮೆ ಬೋರ್ ಮಾಡಿಸಿದ ಎಂಜಿನ್ ಮತ್ತೆ ಉಪಯೋಗಕ್ಕಿಲ್ಲ, ಪಿಸ್ಟನ್ ಸರಿಯಾಗಿದೆಯೋ ಎಂದು ನೋಡಲು ಒಂದು ಕಾಗದದ ಚೂರು ಸಾಕು. ಇವೆಲ್ಲ ಒಂದೇ ಸಂದೇಶದಲ್ಲಿ ಬರುವುದೂ ಉಂಟು. ಕೊನೆಯಲ್ಲಿ ‘ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲಂತೂ ಇದ್ದೇ ಇರುತ್ತದೆ.

ಇದರಲ್ಲಿ ಎಷ್ಟು ನಿಜ? ಬೈಕು, ನೀರಿನ ಪಂಪು, ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಎಂಜಿನ್, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಮನೆಯಲ್ಲಿದ್ದರೆ ಈ ಪ್ರಶ್ನೆ ನಿಮ್ಮದೂ ಹೌದು. ತಪ್ಪು ಅಳತೆಯ ಪಿಸ್ಟನ್ ಹಾಕಿದರೆ ಹಣ ಹೋಗುತ್ತದೆ ಎಂಬುದಷ್ಟೇ ಅಲ್ಲ, ಎಂಜಿನ್ ನಡುದಾರಿಯಲ್ಲಿ ಅಥವಾ ನಡುನೀರಿನಲ್ಲಿ ಹಿಡಿದುಕೊಂಡು ನಿಂತುಬಿಡಬಹುದು.

ಮೊದಲು ನಮ್ಮದೇ ತಪ್ಪಿನ ಕತೆ

ಕುಂದಾಪುರದ ಹತ್ತಿರದ ಕುಂಭಾಶಿಯಲ್ಲಿ ನಮ್ಮ ಪರಿಚಯದವರ ತೆಂಗಿನ ತೋಟವಿದೆ. ಅಲ್ಲಿದ್ದ ಟೂ ಸ್ಟ್ರೋಕ್ ಹುಲ್ಲು ಕತ್ತರಿಸುವ ಯಂತ್ರದ ಹಗ್ಗ ಎಳೆದರೆ ಯಾವ ಬಿಗಿಯೂ ಸಿಗುತ್ತಿರಲಿಲ್ಲ. ಯಂತ್ರದ ಮೇಲೆ ‘52 ಸಿಸಿ’ ಎಂಬ ಸ್ಟಿಕ್ಕರ್ ಇತ್ತು. ಅದನ್ನೇ ನಂಬಿ ನಾವು ಆನ್‌ಲೈನಿನಲ್ಲಿ 52 ಸಿಸಿಯ ಪಿಸ್ಟನ್ ಕಿಟ್ ತರಿಸಿದೆವು. ಒಂದು ವಾರದ ನಂತರ ಪಾರ್ಸೆಲ್ ಬಂತು. ಅದನ್ನೂ ಬಿಚ್ಚಿದ ಸಿಲಿಂಡರನ್ನೂ ಹಿಡಿದು ಹೆದ್ದಾರಿ ಬದಿಯ ಲೇತ್ ಅಂಗಡಿಗೆ ಹೋದೆವು.

ಅಂಗಡಿಯವರು ಹೊಸ ಪಿಸ್ಟನ್ನನ್ನು ಸಿಲಿಂಡರಿನ ಬಾಯಿಯ ಮೇಲೆ ಇಟ್ಟರು. ಅದು ಮುಚ್ಚಳದಂತೆ ಮೇಲೆಯೇ ಕುಳಿತಿತು! ‘ಸ್ಟಿಕ್ಕರ್ ಓದೂಕೆ ಬತ್ತ್, ಅಳ್ತಿ ತೆಗೂಕೆ ಬತ್ತಿಲ್ಯಾ ಮಾರಾಯ್ರೆ?’ ಎಂದು ನಕ್ಕರು. ಸಿಲಿಂಡರಿನ ಒಳಗಿನ ಅಗಲ 40 ಮಿಲಿಮೀಟರ್, ನಾವು ತಂದ ಪಿಸ್ಟನ್ನಿನದು 44. ಅಂದರೆ ನಮ್ಮ ಯಂತ್ರ 52 ಸಿಸಿಯದ್ದೇ ಅಲ್ಲ, 43 ಸಿಸಿಯದ್ದು.

ಲೆಕ್ಕ ಸುಲಭ. ಈ ಎರಡೂ ಬಗೆಯ ಯಂತ್ರಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಸಾಮಾನ್ಯವಾಗಿ 34 ಮಿ.ಮೀ. ಅಗಲ 40 ಆದರೆ 42.7 ಸಿಸಿ, 44 ಆದರೆ 51.7 ಸಿಸಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅಂದಿನಿಂದ ನಾವು ಕಲಿತ ಮೊದಲ ಪಾಠ: ಸ್ಟಿಕ್ಕರನ್ನಲ್ಲ, ಅಳತೆಯನ್ನು ನಂಬಬೇಕು.

ಎಂಜಿನ್ನಿನ ಮೈಮೇಲಿನ ಅಂಕೆ ಏನು ಹೇಳುತ್ತದೆ?

ಸ್ಟಿಕ್ಕರಿಗಿಂತ ಹೆಚ್ಚು ನಂಬಬಹುದಾದದ್ದು ಎಂಜಿನ್ನಿನ ಲೋಹದ ಮೇಲೆ ಅಚ್ಚೊತ್ತಿದ ಮಾದರಿ ಸಂಖ್ಯೆ. ಚೀನಾದಲ್ಲಿ ತಯಾರಾಗಿ ನಮ್ಮ ಅಂಗಡಿಗಳಿಗೆ ಬರುವ ಬಹುತೇಕ ಸಣ್ಣ ಎಂಜಿನ್‌ಗಳಲ್ಲಿ ಈ ಸಂಖ್ಯೆಯೊಳಗೇ ಪಿಸ್ಟನ್ ಅಳತೆ ಇರುತ್ತದೆ.

• ‘1ಇ40ಎಫ್’ ಎಂದಿದ್ದರೆ: ಒಂದು ಸಿಲಿಂಡರ್, ಟೂ ಸ್ಟ್ರೋಕ್, 40 ಮಿ.ಮೀ. ಅಗಲ, ಗಾಳಿಯಿಂದ ತಂಪಾಗುವಂಥದ್ದು.
• ‘1ಇ44ಎಫ್’ ಎಂದಿದ್ದರೆ: ಅದೇ ಬಗೆ, ಆದರೆ 44 ಮಿ.ಮೀ.
• ‘168ಎಫ್’ ಎಂದಿದ್ದರೆ: ಒಂದು ಸಿಲಿಂಡರ್, ಫೋರ್ ಸ್ಟ್ರೋಕ್, 68 ಮಿ.ಮೀ.
• ‘170ಎಫ್’ ಎಂದಿದ್ದರೆ: 70 ಮಿ.ಮೀ.

ಆದರೆ ಇದು ಎಂಜಿನ್ ಹೊಸದಾಗಿದ್ದಾಗಿನ ಅಳತೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನವರು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿರಬಹುದು. ಹಳೆಯ ಪಿಸ್ಟನ್ನಿನ ತಲೆಯ ಮೇಲಿನ ಕರಿಯನ್ನು ನಿಧಾನವಾಗಿ ಒರೆಸಿ ನೋಡಿ. ‘0.25’, ‘0.50’, ‘50’ ಎಂಬಂಥ ಅಂಕೆ ಕಂಡರೆ ಅದು ಓವರ್‌ಸೈಜ್ ಪಿಸ್ಟನ್. ಏನೂ ಇಲ್ಲದಿದ್ದರೆ ಅಥವಾ ‘ಎಸ್‌ಟಿಡಿ’ ಎಂದಿದ್ದರೆ ಅದು ಮೂಲ ಅಳತೆಯದ್ದು.

ಓವರ್‌ಸೈಜ್ ಎಂದರೇನು?

ಪಿಸ್ಟನ್ ದಿನವೂ ಸಾವಿರಾರು ಸಲ ಸಿಲಿಂಡರಿನ ಒಳಗೆ ಮೇಲೆ ಕೆಳಗೆ ಓಡುತ್ತದೆ. ಎಣ್ಣೆ ಇದ್ದರೂ ಗೋಡೆ ನಿಧಾನವಾಗಿ ಸವೆಯುತ್ತದೆ. ಈ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲಿ ಬಿಸಿ ಹೆಚ್ಚು, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿಯೇ ಸವೆತವೂ ಹೆಚ್ಚು. ಜೊತೆಗೆ ಪಿಸ್ಟನ್ ಒಂದು ಬದಿಗೆ ಒತ್ತಿಕೊಂಡು ಓಡುವುದರಿಂದ ದುಂಡಗಿದ್ದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಮೊಟ್ಟೆಯಾಕಾರದ ಸಿಲಿಂಡರಿನಲ್ಲಿ ದುಂಡಗಿನ ಹೊಸ ರಿಂಗ್ ಹೇಗೆ ಕೂರಬೇಕು? ಕೂರುವುದಿಲ್ಲ. ಅದಕ್ಕೇ ಸಿಲಿಂಡರನ್ನು ಸ್ವಲ್ಪ ಅಗಲವಾಗಿ ಕೊರೆದು ಮತ್ತೆ ದುಂಡಗೆ ಮಾಡುತ್ತಾರೆ. ಇದೇ ಬೋರಿಂಗ್. ಅಗಲವಾದ ಸಿಲಿಂಡರಿಗೆ ಅಷ್ಟೇ ದೊಡ್ಡ ಪಿಸ್ಟನ್ ಬೇಕು. ಬಹುತೇಕ ಸಣ್ಣ ಎಂಜಿನ್‌ಗಳಿಗೆ ಇವು 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಅಳತೆಗಳಲ್ಲಿ ಬರುತ್ತವೆ.

ಓವರ್‌ಸೈಜ್ ಪಿಸ್ಟನ್ ಇರುವುದು ಎಂಜಿನ್ನಿನ ಶಕ್ತಿ ಹೆಚ್ಚಿಸಲಿಕ್ಕಲ್ಲ, ಸವೆದ ಸಿಲಿಂಡರನ್ನು ಎಸೆಯದೆ ಉಳಿಸಿಕೊಳ್ಳಲಿಕ್ಕೆ.

ಸಂದೇಶ 1: ‘ಒಂದು ಸೈಜ್ ದೊಡ್ಡದು ಹಾಕಿದರೆ ಪಿಕಪ್ ಹೆಚ್ಚು’

ಲೆಕ್ಕ ಹಾಕಿ ನೋಡೋಣ. ನಮ್ಮೂರುಗಳಲ್ಲಿ ಎಲ್ಲೆಲ್ಲೂ ಕಾಣುವ 97.2 ಸಿಸಿಯ ಹೀರೋ ಸ್ಪ್ಲೆಂಡರ್ ತೆಗೆದುಕೊಳ್ಳಿ. ಅದರ ಸಿಲಿಂಡರ್ ಅಗಲ 50 ಮಿ.ಮೀ., ಪಿಸ್ಟನ್ ಓಡುವ ದೂರ 49.5 ಮಿ.ಮೀ.

• 0.25 ಪಿಸ್ಟನ್ ಹಾಕಿದರೆ: ಸುಮಾರು 98.2 ಸಿಸಿ. ಹೆಚ್ಚಳ ಶೇ. 1.
• 0.50 ಹಾಕಿದರೆ: ಸುಮಾರು 99.1 ಸಿಸಿ. ಹೆಚ್ಚಳ ಶೇ. 2.
• 1.00 ಹಾಕಿದರೆ: ಸುಮಾರು 101.1 ಸಿಸಿ. ಹೆಚ್ಚಳ ಶೇ. 4.

ಶೇ. 1ರ ವ್ಯತ್ಯಾಸ ಗಾಡಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹಾಗಾದರೆ ಬೋರ್ ಮಾಡಿಸಿಕೊಂಡು ಬಂದವರು ಗಾಡಿ ಹಾರುತ್ತಿದೆ ಎನ್ನುವುದು ಸುಳ್ಳೇ? ಸುಳ್ಳಲ್ಲ. ಸವೆದ ಎಂಜಿನ್ನಿನಲ್ಲಿ ಉರಿದ ಗಾಳಿ ರಿಂಗಿನ ಸಂದಿಯಿಂದ ಕೆಳಗೆ ಸೋರಿ ಹೋಗುತ್ತಿತ್ತು. ಹೊಸ ಪಿಸ್ಟನ್, ಹೊಸ ರಿಂಗ್, ದುಂಡಗಿನ ಸಿಲಿಂಡರ್ ಸೇರಿ ಆ ಸೋರಿಕೆ ನಿಂತಿತು. ಕಳೆದುಹೋಗಿದ್ದ ಶಕ್ತಿ ಮರಳಿ ಬಂತು. ಅದರ ಕೀರ್ತಿ ಮಾತ್ರ ದೊಡ್ಡ ಸೈಜಿಗೆ ಹೋಯಿತು.

ಹೀಗೆ ನಂಬಿ 0.25 ಸಾಕಾಗುವ ಕಡೆ ನೇರವಾಗಿ 1.00 ಹಾಕಿಸಿಕೊಂಡರೆ ನಷ್ಟ ನಿಮ್ಮದೇ. ನಾಲ್ಕು ಸಲ ರಿಪೇರಿ ಮಾಡಬಹುದಾಗಿದ್ದ ಸಿಲಿಂಡರನ್ನು ಒಂದೇ ಸಲಕ್ಕೆ ಮುಗಿಸಿದಂತೆ.

ಇನ್ನೊಂದು ಮಾತು. 100 ಸಿಸಿ ಗಾಡಿಗೆ ಹೆಚ್ಚು ಸಿಸಿಯ ಬ್ಲಾಕ್ ಕೂರಿಸುವ ವಿಡಿಯೋಗಳೂ ಓಡಾಡುತ್ತಿವೆ. ನೋಂದಣಿ ಪುಸ್ತಕದಲ್ಲಿ ಸಿಸಿ ದಾಖಲಾಗಿರುತ್ತದೆ. ತಯಾರಕರು ಕೊಟ್ಟ ಆ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಸಂದೇಶ 2: ‘ಕಾಗದದ ಚೂರು ಹೊಕ್ಕರೆ ಅಳತೆ ಸರಿ’

ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸ್ವಲ್ಪ ಸಂದಿ ಬೇಕು. ಪಿಸ್ಟನ್ ಅಲ್ಯುಮಿನಿಯಂನದ್ದು, ಸಿಲಿಂಡರಿನ ಒಳಗೋಡೆ ಸಾಮಾನ್ಯವಾಗಿ ಬೀಡಿನದ್ದು. ಬಿಸಿಯಾದಾಗ ಅಲ್ಯುಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಂದಿ ಕಡಿಮೆಯಾದರೆ ಎಂಜಿನ್ ಬಿಸಿಯಾದಾಗ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ‘ಸೀಸ್ ಆಯಿತು’ ಎನ್ನುವುದು. ಸಂದಿ ಹೆಚ್ಚಾದರೆ ಪಿಸ್ಟನ್ ಒಳಗೆ ಆಚೀಚೆ ಬಡಿದು ಶಬ್ದ ಮಾಡುತ್ತದೆ, ಎಣ್ಣೆ ಸುಡುತ್ತದೆ.

ಎಷ್ಟು ಸಂದಿ ಬೇಕು? ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಪಂಪುಗಳಲ್ಲಿ ಬಳಸುವ ಹೊಂಡಾ ಜಿಎಕ್ಸ್160 ಎಂಜಿನ್ನಿನಲ್ಲಿ ಹೊಸದಾಗಿದ್ದಾಗ 0.015ರಿಂದ 0.050 ಮಿ.ಮೀ. ಇರಬೇಕು, 0.120 ದಾಟಿದರೆ ಬದಲಿಸಬೇಕು. ನಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಅಂದರೆ ಕೂದಲಿಗಿಂತಲೂ ಸಣ್ಣ ಸಂದಿ! ಜೆರಾಕ್ಸ್ ಕಾಗದದ ದಪ್ಪವೇ ಸುಮಾರು 0.1 ಮಿ.ಮೀ. ಕಾಗದ ಸಲೀಸಾಗಿ ಹೊಕ್ಕಿತು ಎಂದರೆ ಸಂದಿ ಈಗಾಗಲೇ ಹೆಚ್ಚಾಗಿದೆ ಎಂದರ್ಥ.

ಸ್ಕೇಲಿನಲ್ಲಂತೂ ಇದನ್ನು ಅಳೆಯಲಾಗದು. ವರ್ನಿಯರ್ ಕೂಡ ಪಿಸ್ಟನ್ 40ರದ್ದೋ 44ರದ್ದೋ ಎಂದು ತಿಳಿಯಲು ಮಾತ್ರ ಸಾಕು. ಸಂದಿ ಅಳೆಯಲು ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕು. ಅವು ಇರುವ ಅಂಗಡಿಗೇ ಹೋಗಿ.

ಸರಿಯಾದ ಅಳತೆ ಆರಿಸುವುದು ಹೇಗೆ?

ಸಿಲಿಂಡರನ್ನು ಮೂರು ಎತ್ತರದಲ್ಲಿ ಅಳೆಯಬೇಕು: ಮೇಲೆ, ನಡುವೆ, ಕೆಳಗೆ. ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ: ಪಿನ್ ಇರುವ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ. ಒಟ್ಟು ಆರು ಅಳತೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಿಡಿದು ಮುಂದಿನ ಲೆಕ್ಕ.

ಪಿಸ್ಟನ್ ಅಳೆಯುವುದಕ್ಕೂ ಜಾಗವಿದೆ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ತಲೆಯ ಕಡೆ ಬಿಸಿ ಹೆಚ್ಚಾಗಿ ಹೆಚ್ಚು ಹಿಗ್ಗುವುದರಿಂದ ಅಲ್ಲಿ ಸ್ವಲ್ಪ ಸಣ್ಣದಾಗಿ, ಪಿನ್ನಿನ ದಿಕ್ಕಿನಲ್ಲೂ ಸ್ವಲ್ಪ ಸಣ್ಣದಾಗಿ ಮಾಡಿರುತ್ತಾರೆ. ಹಾಗಾಗಿ ಪಿನ್ನಿಗೆ ಅಡ್ಡಲಾಗಿ, ಕೆಳಅಂಚಿನಿಂದ ಸ್ವಲ್ಪ ಮೇಲೆ ಅಳೆಯಬೇಕು. ತಲೆಯ ಹತ್ತಿರ ಅಳೆದರೆ ತಪ್ಪು ಅಂಕೆ ಸಿಗುತ್ತದೆ.

ಈಗ ಒಂದು ಉದಾಹರಣೆ. 50 ಮಿ.ಮೀ. ಸಿಲಿಂಡರ್ ಸವೆದು ಅತಿ ಅಗಲದ ಜಾಗದಲ್ಲಿ 50.12 ಆಗಿದೆ ಎಂದುಕೊಳ್ಳಿ. 0.25 ಪಿಸ್ಟನ್ ಹಾಕಿ 0.03 ಸಂದಿ ಬಿಡಬೇಕಾದರೆ ಸಿಲಿಂಡರನ್ನು 50.28ಕ್ಕೆ ಕೊರೆಯಬೇಕು. 50.12ಕ್ಕಿಂತ 50.28 ದೊಡ್ಡದು, ಆದ್ದರಿಂದ ಸವೆತ ಪೂರ್ತಿ ಹೋಗುತ್ತದೆ. 0.25 ಸಾಕು.

ಅದೇ ಸಿಲಿಂಡರ್ 50.20 ಆಗಿದ್ದರೆ? ಆಗಲೂ 50.28 ದೊಡ್ಡದೇ ಅಲ್ಲವೇ, 0.25 ಸಾಕು ಎನಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಸವೆತ ಹೆಚ್ಚಾಗಿ ಒಂದೇ ಬದಿಗೆ ಇರುತ್ತದೆ. 0.20 ಪೂರ್ತಿ ಒಂದೇ ಬದಿಯಲ್ಲಿದ್ದರೆ ಮೂಲ ನಡುಬಿಂದುವಿನಿಂದ ಆ ಗೋಡೆಗೆ 25.20 ಮಿ.ಮೀ. ದೂರ. 50.28ಕ್ಕೆ ಕೊರೆದರೆ ಪ್ರತಿ ಬದಿಗೆ ಸಿಗುವುದು 25.14 ಮಾತ್ರ. ಸವೆದ ಗುರುತು ಗೋಡೆಯ ಮೇಲೆ ಹಾಗೆಯೇ ಉಳಿಯುತ್ತದೆ. ಆ ಗುರುತಿನ ಮೂಲಕ ಗಾಳಿ ಸೋರುತ್ತದೆ, ಎಣ್ಣೆ ಮೇಲೇರುತ್ತದೆ. ಇಲ್ಲಿ 0.50ಕ್ಕೆ ಹೋಗುವುದೇ ಸರಿ. ಹಣ ಉಳಿಸಲು ಸವೆದ ಬದಿಯ ಕಡೆಗೇ ಸರಿಸಿ ಕೊರೆದರೆ ಸಿಲಿಂಡರಿನ ನಡುಬಿಂದುವೇ ತಪ್ಪಿ ಪಿಸ್ಟನ್ ಓರೆಯಾಗಿ ಓಡುತ್ತದೆ.

ಒಟ್ಟಿನಲ್ಲಿ ಸೂತ್ರ ಇಷ್ಟೇ: ಸವೆತವನ್ನು ಪೂರ್ತಿ ತೆಗೆಯಬಲ್ಲ ಅಳತೆಗಳಲ್ಲಿ ಅತಿ ಸಣ್ಣದನ್ನು ಆರಿಸಿ.

ಮೊದಲು ಪಿಸ್ಟನ್, ಆಮೇಲೆ ಬೋರಿಂಗ್

ಇದೊಂದನ್ನು ನೆನಪಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಮೊದಲೇ ಬೋರ್ ಮಾಡಿಸಿ ಆಮೇಲೆ ಅಂಗಡಿಗೆ ಹೋಗಿ 0.50 ಪಿಸ್ಟನ್ ಕೊಡಿ ಎಂದು ಕೇಳಬೇಡಿ. ಆ ಅಳತೆಯ ಪಿಸ್ಟನ್ ಮಾರುಕಟ್ಟೆಯಲ್ಲಿ ಇಲ್ಲದೇ ಇರಬಹುದು. ಇದ್ದರೂ ಒಂದು ಕಂಪನಿಯ 0.50ಕ್ಕೂ ಇನ್ನೊಂದರ 0.50ಕ್ಕೂ ಕೂದಲೆಳೆಯ ವ್ಯತ್ಯಾಸ ಇರಬಹುದು. ನಮಗೆ ಬೇಕಾದ ಸಂದಿಯೇ ಕೂದಲೆಳೆಗಿಂತ ಕಡಿಮೆ ಎಂಬುದು ನೆನಪಿರಲಿ.

ಸಿಲಿಂಡರ್ ಅಳೆಸಿ, ಸೈಜ್ ತೀರ್ಮಾನಿಸಿ, ಪಿಸ್ಟನ್ ತಂದು, ಆ ಪಿಸ್ಟನ್ನನ್ನೇ ಲೇತ್‌ನವರ ಕೈಗೆ ಕೊಡಿ. ಅವರು ಅದನ್ನು ಅಳೆದು ಅದಕ್ಕೆ ತಕ್ಕಂತೆ ಕೊರೆದು, ಹೋನಿಂಗ್ ಮಾಡಿ ಕೊಡಲಿ. ಹೋನಿಂಗ್‌ನಿಂದ ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳು ಮೂಡುತ್ತವೆ. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿಯೇ. ಮನೆಗೆ ತಂದ ಮೇಲೆ ಸಿಲಿಂಡರನ್ನು ಸೋಪು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಿ. ಹೋನಿಂಗ್ ಕಲ್ಲಿನ ಪುಡಿ ಒಳಗೆ ಉಳಿದರೆ ಹೊಸ ರಿಂಗನ್ನೇ ತಿನ್ನುತ್ತದೆ.

ಪಿಸ್ಟನ್ ಕೊಳ್ಳುವಾಗ ಅಗಲ ಮಾತ್ರ ನೋಡಿದರೆ ಸಾಲದು. ಹಳೆಯದನ್ನು ಜೊತೆಯಲ್ಲಿ ಒಯ್ದು ಇವನ್ನೂ ಹೋಲಿಸಿ: ಗಜನ್ ಪಿನ್ನಿನ ದಪ್ಪ, ಪಿನ್ನಿನಿಂದ ತಲೆಯವರೆಗಿನ ಎತ್ತರ, ತಲೆಯ ಆಕಾರ, ರಿಂಗಿನ ದಪ್ಪ. ಎತ್ತರ ಹೆಚ್ಚಿದ್ದರೆ ಪಿಸ್ಟನ್ ಮೇಲೆ ಹೋಗಿ ವಾಲ್ವಿಗೋ ಹೆಡ್ಡಿಗೋ ಬಡಿಯಬಹುದು.

ಸಂದೇಶ 3: ‘ಹೊಗೆ ಬಂದರೆ ರಿಂಗ್ ಬದಲಿಸಿದರೆ ಸಾಕು’

ಕೆಲವೊಮ್ಮೆ ನಿಜ, ಹಲವು ಸಲ ಅಲ್ಲ. ಸಿಲಿಂಡರ್ ಮಿತಿಯೊಳಗಿದ್ದು ರಿಂಗ್ ಮಾತ್ರ ಸವೆದಿದ್ದರೆ ರಿಂಗ್ ಸಾಕು. ಜಿಎಕ್ಸ್160ರ 68 ಮಿ.ಮೀ. ಸಿಲಿಂಡರಿಗೆ ಆ ಮಿತಿ 68.165. ಅದನ್ನು ದಾಟಿದರೆ ಹೊಸ ರಿಂಗ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ ಎಂದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ಅದು ವಾಲ್ವ್ ಸೀಲಿನ ದೋಷ ಇರಬಹುದು, ಪಿಸ್ಟನ್ ಬಿಚ್ಚುವ ಅಗತ್ಯವೇ ಇರಲಿಕ್ಕಿಲ್ಲ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವ ಗುರುತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆಯೇ ಎಣ್ಣೆ ಇರುವುದರಿಂದ ಸ್ವಲ್ಪ ಹೊಗೆ ಸಹಜ. ಹೊಗೆ ನೋಡಿ ತೀರ್ಮಾನಿಸುವ ಮುನ್ನ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಸಂದೇಶ 4: ‘ಬೋರ್ ಮಾಡಿಸಿದ ಎಂಜಿನ್ ಮುಗಿದಂತೆ’

ತಪ್ಪು. ಸರಿಯಾದ ಅಳತೆಗೆ ಕೊರೆದು ಕೂರಿಸಿದ ಎಂಜಿನ್ ಹೊಸದರಂತೆಯೇ ಕೆಲಸ ಮಾಡುತ್ತದೆ. ಕೊನೆಯ ಓವರ್‌ಸೈಜೂ ಮುಗಿದರೆ ಹೊಸ ಸ್ಲೀವ್ ಕೂರಿಸಿ ಮೂಲ ಅಳತೆಗೆ ಮರಳಬಹುದು ಅಥವಾ ಬ್ಲಾಕ್ ಬದಲಿಸಬಹುದು.

ಆದರೆ ಎಲ್ಲ ಸಿಲಿಂಡರನ್ನೂ ಕೊರೆಯಲಾಗದು. ಅನೇಕ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ, ಮರ ಕೊಯ್ಯುವ ಯಂತ್ರಗಳಲ್ಲಿ ಅಲ್ಯುಮಿನಿಯಂ ಗೋಡೆಗೆ ಕ್ರೋಮ್ ಅಥವಾ ನಿಕ್ಕಲ್ಲಿನ ತೆಳು ಲೇಪ ಇರುತ್ತದೆ. ಕೊರೆದರೆ ಲೇಪವೇ ಹೋಗಿ ಮೆತ್ತನೆಯ ಅಲ್ಯುಮಿನಿಯಂ ಹೊರಬೀಳುತ್ತದೆ. ಯಮಹಾ ಆರ್15 ಬೈಕಿನದ್ದು ಇನ್ನೊಂದು ಬಗೆ, ಸಿಲಿಕಾನ್ ಬೆರೆತ ಅಲ್ಯುಮಿನಿಯಂ ಗೋಡೆ. ಅದೂ ಸಾಮಾನ್ಯ ಬೋರಿಂಗಿಗೆ ಒಗ್ಗುವಂಥದ್ದಲ್ಲ. ಇಂಥವುಗಳಲ್ಲಿ ಗೋಡೆ ಕೆಟ್ಟರೆ ಸಿಲಿಂಡರ್ ಮತ್ತು ಪಿಸ್ಟನ್ ಎರಡನ್ನೂ ಒಟ್ಟಿಗೆ ಬದಲಿಸುವುದೇ ದಾರಿ. ನಿಮ್ಮದು ಯಾವುದೆಂದು ತಿಳಿಯಲು ಒಳಗೋಡೆಗೆ ಆಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಬೀಡು, ಕೊರೆಯಬಹುದು.

ಕರಾವಳಿಯವರು ಗಮನಿಸಬೇಕಾದದ್ದು

ಕುಂಭಾಶಿಯಂಥ ಕಡಲ ಪಕ್ಕದ ಊರುಗಳಲ್ಲಿ ಸವೆತದ ಜೊತೆ ತುಕ್ಕಿನ ಕಾಟವೂ ಇದೆ. ಬೇಸಿಗೆಯಲ್ಲಿ ನೆಲಗಡಲೆ ಗದ್ದೆಗೆ ನೀರು ಹಾಯಿಸಿದ ಪಂಪನ್ನು ಮಳೆ ಬಿದ್ದ ಮೇಲೆ ಕೊಟ್ಟಿಗೆಯ ಮೂಲೆಗೆ ಸರಿಸುತ್ತೇವೆ. ಉಪ್ಪು ಗಾಳಿ, ಮಳೆಗಾಲದ ತೇವ ಸೇರಿ ನಾಲ್ಕೈದು ತಿಂಗಳಲ್ಲಿ ಬೀಡಿನ ಗೋಡೆಯಲ್ಲಿ ತುಕ್ಕಿನ ಗುಳಿ ಬೀಳುತ್ತದೆ. ಸವೆತ ಕಡಿಮೆ ಇದ್ದರೂ ಗುಳಿ ಆಳವಾಗಿದ್ದರೆ ದೊಡ್ಡ ಸೈಜಿಗೆ ಹೋಗಬೇಕಾಗುತ್ತದೆ. ಇದನ್ನು ತಪ್ಪಿಸಲು ಖರ್ಚಿಲ್ಲ. ಮೂಲೆಗೆ ಸರಿಸುವ ಮುನ್ನ ಪ್ಲಗ್ ಬಿಚ್ಚಿ, ಒಂದು ಚಮಚ ಎಂಜಿನ್ ಎಣ್ಣೆ ಹಾಕಿ, ಹಗ್ಗವನ್ನು ನಾಲ್ಕೈದು ಸಲ ಮೆಲ್ಲನೆ ಎಳೆದು, ಪ್ಲಗ್ ಮತ್ತೆ ಹಾಕಿಡಿ.

ಎರಡನೆಯದು ಧೂಳು. ಮುರಕಲ್ಲಿನ ಕೆಂಪು ಧೂಳು ಹರಿದ ಏರ್ ಫಿಲ್ಟರಿನಿಂದ ಒಳಹೊಕ್ಕರೆ ಉಪ್ಪುಕಾಗದದಂತೆ ಉಜ್ಜುತ್ತದೆ. ಫಿಲ್ಟರ್ ಬದಲಿಸದೆ ಪಿಸ್ಟನ್ ಬದಲಿಸಿದರೆ ಮುಂದಿನ ವರ್ಷ ಮತ್ತೆ ಅದೇ ಅಂಗಡಿಗೆ ಹೋಗುತ್ತೀರಿ.

ಮೂರನೆಯದು ಸೀಮೆಎಣ್ಣೆ. ಅದಕ್ಕೆಂದೇ ಮಾಡಿದ ಎಂಜಿನ್ ಬೇರೆ, ಅದರ ಕಂಪ್ರೆಷನ್ ಕಡಿಮೆ ಇರುತ್ತದೆ. ಬರೀ ಪೆಟ್ರೋಲಿನ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸಿದರೆ ಒಳಗೆ ಬಡಿತ ಶುರುವಾಗಿ ಪಿಸ್ಟನ್ ಹಾಳಾಗುತ್ತದೆ, ಫೋರ್ ಸ್ಟ್ರೋಕಿನಲ್ಲಿ ಎಂಜಿನ್ ಎಣ್ಣೆಯೂ ತೆಳ್ಳಗಾಗುತ್ತದೆ.

ಕೊನೆಯದಾಗಿ ದೋಣಿಯವರಿಗೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯುವುದು ಸಣ್ಣ ಎಂಜಿನ್ನಿನ ನಾಡದೋಣಿಗಳು, ಅದೂ ಕಡಲು ಅತ್ಯಂತ ಒರಟಾಗಿರುವ ಹೊತ್ತಿನಲ್ಲಿ. ಅಂದಾಜಿನಲ್ಲಿ ಕೂರಿಸಿದ ಪಿಸ್ಟನ್ ದಡದಲ್ಲಿ ಐದು ನಿಮಿಷ ಸಲೀಸಾಗಿ ಓಡುತ್ತದೆ. ಬಿಸಿಯೇರಿ ಕಚ್ಚಿಕೊಳ್ಳುವುದು ದೂರ ಹೋದ ಮೇಲೆ. ಬೈಕಾದರೆ ತಳ್ಳಿಕೊಂಡು ಬರಬಹುದು, ಅಲೆಯ ನಡುವೆ ದೋಣಿಯನ್ನು ತಳ್ಳುವವರಿಲ್ಲ. ರಿಪೇರಿ ಆದ ಎಂಜಿನ್ನನ್ನು ದಡದ ಹತ್ತಿರವೇ, ಇನ್ನೊಂದು ದೋಣಿಯ ಜೊತೆಯಲ್ಲಿ, ಕೆಲವು ಗಂಟೆ ಹದವಾಗಿ ಓಡಿಸಿ ನೋಡದೆ ದೂರ ಹೋಗಬೇಡಿ.

ನೆನಪಿಡಲು

1. ಸ್ಟಿಕ್ಕರ್ ನಂಬಬೇಡಿ. ಅಚ್ಚೊತ್ತಿದ ಸಂಖ್ಯೆ, ಹಳೆಯ ಪಿಸ್ಟನ್ನಿನ ತಲೆ, ಸಿಲಿಂಡರಿನ ಅಳತೆ, ಮೂರನ್ನೂ ನೋಡಿ.
2. ಆರು ಕಡೆ ಅಳೆಸಿ, ಅಂಕೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.
3. ಸವೆತ ಪೂರ್ತಿ ಹೋಗುವ ಅತಿ ಸಣ್ಣ ಸೈಜ್ ಆರಿಸಿ.
4. ಮೊದಲು ಪಿಸ್ಟನ್ ತನ್ನಿ, ಆಮೇಲೆ ಬೋರ್ ಮಾಡಿಸಿ.
5. ಬಾಣದ ಗುರುತು ಮತ್ತು ರಿಂಗಿನ ಮೇಲ್ಮುಖ ನೋಡಿ ಕೂರಿಸಿ. ಸರ್ಕ್ಲಿಪ್ ಹಳೆಯದನ್ನು ಮತ್ತೆ ಬಳಸಬೇಡಿ.
6. ಮೊದಲ ಕೆಲವು ಗಂಟೆ ಪೂರ್ತಿ ಹೊರೆ ಹಾಕಬೇಡಿ. ಫೋರ್ ಸ್ಟ್ರೋಕಾದರೆ ಎಣ್ಣೆಯನ್ನು ಬೇಗನೆ ಒಮ್ಮೆ ಬದಲಿಸಿ.

ದೊಡ್ಡ ಪಿಸ್ಟನ್ನಿಗೆ ಹೆಚ್ಚು ಪಿಕಪ್ ಎಂಬ ಸಂದೇಶ ಇನ್ನೊಮ್ಮೆ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಮೊದಲು ಶೇ. 1ರ ಲೆಕ್ಕವನ್ನು ಅಲ್ಲಿ ಬರೆಯಿರಿ. ಅಂದ ಹಾಗೆ, ನಾವು ತರಿಸಿದ 44ರ ಪಿಸ್ಟನ್ ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ಆ ಕೆಲಸಕ್ಕೆ ಮಾತ್ರ ಅದರ ಅಳತೆ ಸರಿಯಾಗಿದೆ.